ಬೆಳದಿಂಗಳು ಬೇಕು ಅಂದವರ ಟೆಂಟಿಗೆ ನೀರು

ಚಳಿ ಶುರುವಾಯಿತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮಳೆಗಾಲದಲ್ಲಿ ಎಲ್ಲರಿಗೂ ಜಲಪಾತ ಬೇಕು, ಈಗ ಎಲ್ಲರಿಗೂ ಸಮುದ್ರ ಬೇಕು. ಅದೂ ಹೋಟೆಲ್ ರೂಮಲ್ಲ, ಟೆಂಟ್! ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಆದ್ದರಿಂದ ಉಳಿದವನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಪಾಸ್‌ಪೋರ್ಟ್ ಬಗ್ಗೆ ಕೇಳಿದವರು ಸ್ವಲ್ಪ ತಾಳಿ.

ಪ್ರಶ್ನೆ: ಅಣ್ಣಾ, ನಾವು ಡೊಂಬಿವಿಲಿಯ ಮೂರು ಮನೆಯವರು ಸೇರಿ ಕೊಂಕಣದ ಕಾಶೀದ್ ಬೀಚಿಗೆ ಹೋಗಬೇಕು ಅಂತಿದ್ದೇವೆ. ಟೆಂಟ್ ಆನ್‌ಲೈನ್‌ನಲ್ಲಿ ತರಿಸಿಕೊಂಡಾಗಿದೆ. ಹುಣ್ಣಿಮೆ ದಿನವೇ ನೋಡಿಟ್ಟಿದ್ದೇವೆ, ಬೆಳದಿಂಗಳಲ್ಲಿ ಮಕ್ಕಳಿಗೆ ಖುಷಿಯಾಗುತ್ತದೆ ಅಂತ. ಮರಳಿನ ಮೇಲೆ ಸುಮ್ನೆ ಟೆಂಟ್ ಹಾಕಿಬಿಡಬಹುದಾ?

ಉತ್ತರ: ಟೆಂಟ್ ತರಿಸಿದ್ದು ಸರಿ, ದಿನ ನೋಡಿದ್ದು ತಪ್ಪು. ಬೇಜಾರಾಗಬೇಡಿ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಕುಂದಾಪುರದ ಕಡೆ ಹುಟ್ಟಿ, ಭರತ ಇಳಿತ ನೋಡುತ್ತಲೇ ಬೆಳೆದವನು. ಮುರುಡ್ ಹತ್ತಿರ ಒಂದು ದಂಡೆಯಲ್ಲಿ ನಾವು ನಾಲ್ಕು ಜನ ಹುಣ್ಣಿಮೆ ಸಂಜೆ ಆರೂವರೆಗೆ ಟೆಂಟ್ ಹಾಕಿದೆವು. ನೀರು ಎಲ್ಲೋ ದೂರದಲ್ಲಿತ್ತು, ಅದನ್ನು ಮುಟ್ಟಬೇಕಾದರೆ ಐದು ನಿಮಿಷ ನಡೆಯಬೇಕು. ಏನು ಜಾಗ ಸಿಕ್ಕಿತು ಅಂತ ಬೀಗಿದ್ದೇ ಬೀಗಿದ್ದು. ರಾತ್ರಿ ಹನ್ನೆರಡಕ್ಕೆ ಬೆನ್ನಿಗೆ ತಣ್ಣಗಾಯಿತು. ಎದ್ದು ಝಿಪ್ ಎಳೆದರೆ ಹೊರಗೆ ಬಿಟ್ಟಿದ್ದ ನನ್ನ ಚಪ್ಪಲಿ ಒಂದು ಕಾಲಿನದು ಮಾತ್ರ ಇದೆ, ಇನ್ನೊಂದು ಬೆಳದಿಂಗಳಲ್ಲಿ ತೇಲಿಕೊಂಡು ಚೆನ್ನಾಗಿ ಹೋಗುತ್ತಿದೆ.

ವಿಷಯ ಇಷ್ಟೇ. ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯ ಚಂದ್ರ ಎರಡೂ ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುತ್ತವೆ, ಆದ್ದರಿಂದ ಆ ದಿನಗಳಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಇಲ್ಲಿನ ಕೋಳಿ ಜನ, ಅಂದರೆ ಮೀನುಗಾರರು, ಇದಕ್ಕೆ ಉಧಾಣ ಅನ್ನುತ್ತಾರೆ. ಮುಂಬೈ ಕಡೆ ಆ ದಿನಗಳಲ್ಲಿ ಭರತಿ ತುಂಬುವುದು ಮಧ್ಯಾಹ್ನ ಹನ್ನೆರಡರ ಆಸುಪಾಸು, ಮತ್ತೆ ನಡುರಾತ್ರಿ. ಅಂದರೆ ನೀವು ಸಂಜೆ ತಲುಪಿದಾಗ ನೀರು ಪೂರ್ತಿ ಇಳಿದಿರುತ್ತದೆ, ದಂಡೆ ಮೈದಾನದಂತೆ ಕಾಣುತ್ತದೆ. ನೀವು ನಿದ್ದೆಗೆ ಜಾರಿದ ಮೇಲೆ ಅದು ಬರುತ್ತದೆ.

ಕೊಂಕಣದವರ ಹತ್ತಿರ ಇದಕ್ಕೊಂದು ಬಾಯಿಲೆಕ್ಕ ಇದೆ, ನಾನು ಆ ಚಪ್ಪಲಿ ಹೋದ ಮಾರನೆ ದಿನ ಕಲಿತದ್ದು. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ತೆಗೆಯಿರಿ, ಅದೇ ಭರತಿ ತುಂಬುವ ಗಂಟೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು, ಮೂರು ಗಂಟೆಗೆ. ಅಷ್ಟಮಿಗೆ ಆರು ಗಂಟೆಗೆ. ಹುಣ್ಣಿಮೆಗೆ ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಮುಕ್ಕಾಲು ಗಂಟೆ ಹಿಂದೆ ಮುಂದೆ ಆಗಬಹುದು, ಆದರೆ ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ತಿಥಿ ಇದ್ದೇ ಇರುತ್ತದಲ್ವಾ, ಅದರಿಂದಲೇ ಗೊತ್ತಾಗುತ್ತದೆ. ಸರಿಯಾದ ಸಮಯ ಬೇಕಾದರೆ ಭರತಿಯ ವೇಳಾಪಟ್ಟಿ ಫೋನಿನಲ್ಲೇ ಸಿಗುತ್ತದೆ.

ಹಾಗಾಗಿ ನನ್ನ ಮಾತು ಕೇಳಿದರೆ ಅಷ್ಟಮಿ ನವಮಿ ದಿನ ಹೋಗಿ. ನೀರಿನ ಏರಿಳಿತ ಆಗ ಕಡಿಮೆ. ಜೊತೆಗೆ ಸಂಜೆ ಆರರ ಹೊತ್ತಿಗೆ ಭರತಿ ತುಂಬಿರುತ್ತದೆ, ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಬೆಳಕಿರುವಾಗಲೇ ಕಣ್ಣಾರೆ ನೋಡಿ, ಅಲ್ಲಿಂದ ಇನ್ನೂ ದೂರ ಹಿಂದೆ ಸರಿದು ಟೆಂಟ್ ಹಾಕಬಹುದು. ಅರ್ಧ ಚಂದ್ರನ ಬೆಳಕೂ ಮಕ್ಕಳಿಗೆ ಸಾಕು. ಹುಣ್ಣಿಮೆಯೇ ಬೇಕು ಅಂತ ಹಟ ಇದ್ದರೆ ಮರಳನ್ನು ಬಿಟ್ಟು ಮೇಲೆ ಬನ್ನಿ.

ಮೇಲೆ ಅಂದರೆ ವಾಡಿಯಲ್ಲಿ. ದಂಡೆಯ ಹಿಂದೆ ಮನೆಯವರ ತೆಂಗು ಅಡಿಕೆ ತೋಟ ಇರುತ್ತದಲ್ಲ, ಅದೇ. ತಲೆಗಿಷ್ಟು ಅಂತ ದುಡ್ಡು ತೆಗೆದುಕೊಂಡು ಅಂಗಳದಲ್ಲಿ ಟೆಂಟ್ ಹಾಕಲು ಬಿಡುವ ಮನೆಗಳು ಈಗ ಎಷ್ಟೋ ಇವೆ. ಸಂಡಾಸು, ಬಾವಿ ನೀರು, ರಾತ್ರಿ ಊಟ ಎಲ್ಲ ಅಲ್ಲೇ. ಹೆಂಗಸರು ಮಕ್ಕಳು ಇರುವಾಗ ಇದು ದೊಡ್ಡ ಅನುಕೂಲ. ಸಾರ್ವಜನಿಕ ದಂಡೆಯಲ್ಲಿ ಹೇಳದೆ ಕೇಳದೆ ಗೂಟ ಹೊಡೆದರೆ ಪೊಲೀಸರು ಎಬ್ಬಿಸಿದರೂ ಎಬ್ಬಿಸಿದರೇ, ಆಗ ನಡುರಾತ್ರಿ ಎಲ್ಲಿಗೆ ಹೋಗುತ್ತೀರಿ? ತೆಂಗಿನ ಮರದ ಬುಡದಲ್ಲಿ ಮಾತ್ರ ಟೆಂಟ್ ಬೇಡ, ಕಾರಣ ನಿಮಗೇ ಗೊತ್ತು. ಗಾಳಿಮರದ ತೋಪು, ಇವರು ಸುರು ಅನ್ನುತ್ತಾರೆ, ಅದು ಒಳ್ಳೆಯದು, ಒಣ ಕೊಂಬೆ ಇಲ್ಲದ ಕಡೆ ನೋಡಿ.

ಮರಳಿನಲ್ಲಿ ಟೆಂಟಿನ ಜೊತೆ ಬಂದ ತೆಳು ಕಬ್ಬಿಣದ ಗೂಟ ನಿಲ್ಲುವುದೇ ಇಲ್ಲ. ನಾಲ್ಕು ಬಟ್ಟೆ ಚೀಲ ಒಯ್ಯಿರಿ, ಮರಳು ತುಂಬಿ, ಹಗ್ಗ ಕಟ್ಟಿ, ಮೊಳದುದ್ದ ಗುಂಡಿ ತೋಡಿ ಹೂತುಬಿಡಿ. ಎಂಥ ಗಾಳಿಗೂ ಜಗ್ಗುವುದಿಲ್ಲ.

ಹೋಗುವ ದಾರಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪನ್ವೇಲ್, ವಡಖಲ್ ಟ್ರಾಫಿಕ್‌ನಲ್ಲಿ ಮಕ್ಕಳನ್ನು ಬೇಯಿಸುವ ಬದಲು ಮುಂಬೈಯ ಭಾವೂಚಾ ಧಕ್ಕಾದಿಂದ ಮಾಂಡ್ವಾಕ್ಕೆ ರೋ ರೋ ಹಡಗು ಹಿಡಿಯಿರಿ. 2020ರಿಂದ ಓಡುತ್ತಿದೆ, ಕಾರನ್ನೇ ಒಳಗೆ ಹತ್ತಿಸುತ್ತಾರೆ, ಸುಮಾರು ಒಂದು ಗಂಟೆಯ ದಾರಿ. ಮಾಂಡ್ವಾದಿಂದ ಅಲಿಬಾಗ್ ಮೇಲೆ ಕಾಶೀದ್‌ಗೆ ಸುಮಾರು 50 ಕಿಲೋಮೀಟರ್. ಮಕ್ಕಳಿಗೆ ಟೆಂಟಿಗಿಂತ ಹಡಗೇ ಜಾಸ್ತಿ ನೆನಪಿರುತ್ತದೆ, ಬೇಕಾದರೆ ನೋಡಿ. ಇನ್ನೊಂದು, ಕತ್ತಲಾದ ಮೇಲೆ ಯಾರೂ ನೀರಿಗೆ ಇಳಿಯಕೂಡದು. ಈಜು ಬರುತ್ತದೆ ಅನ್ನುವ ಮಾವಂದಿರಿಗೆ ಇದನ್ನು ಎರಡು ಸಲ ಹೇಳಿ.

ಪ್ರಶ್ನೆ: ಸರ್, ನಾವು ಮೂಲ ವಿಜಯಪುರದವರು, ಪುಣೆಯಲ್ಲಿ ಇಪ್ಪತ್ತು ವರ್ಷ ಆಯಿತು. ನಮ್ಮವ್ವ ಎಪ್ಪತ್ತು ದಾಟಿದರೂ ಸಮುದ್ರ ನೋಡಿಲ್ಲ. ಮಗಳಿಗೆ ಆಮೆ ಮರಿ ನೋಡಬೇಕಂತೆ. ಇಬ್ಬರಿಗೂ ಆಗುವಂಥ ಒಂದು ಜಾಗ ಹೇಳಿ, ಟೆಂಟ್ ಇರದಿದ್ದರೂ ನಡೀತದ.

ಉತ್ತರ: ವೇಳಾಸ್. ರತ್ನಾಗಿರಿ ಜಿಲ್ಲೆ, ಮಂಡಣಗಡ ತಾಲೂಕು, ಬಾಣಕೋಟ್ ಖಾಡಿಯ, ಅಂದರೆ ಅಳಿವೆಯ, ಪಕ್ಕದ ಸಣ್ಣ ಹಳ್ಳಿ. ಆಲಿವ್ ರಿಡ್ಲಿ ಅನ್ನುವ ಕಡಲಾಮೆಗಳು ಚಳಿಗಾಲದಲ್ಲಿ ರಾತ್ರಿ ದಂಡೆಗೆ ಬಂದು ಮರಳಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ, ಒಂದೊಂದು ಗೂಡಿನಲ್ಲಿ ನೂರರ ಆಸುಪಾಸು. ಮೊದಲೆಲ್ಲ ಆ ಮೊಟ್ಟೆಗಳು ನಾಯಿ ನರಿ ಪಾಲು, ಇಲ್ಲವೇ ಮನುಷ್ಯರ ಪಾಲು. ಸಹ್ಯಾದ್ರಿ ನಿಸರ್ಗ ಮಿತ್ರ ಎಂಬ ಸಂಸ್ಥೆ 2002ರ ಸುಮಾರಿಗೆ ಊರವರನ್ನೇ ಸೇರಿಸಿಕೊಂಡು ಮೊಟ್ಟೆ ಕಾಯುವ ಕೆಲಸ ಶುರು ಮಾಡಿತು. ಈಗ ಊರಿಗೆ ಊರೇ ಆಮೆಯ ಕಡೆ.

ಫೆಬ್ರುವರಿ ಕೊನೆಯಿಂದ ಏಪ್ರಿಲ್ ಒಳಗೆ ಹೋಗಿ. ಬೇಲಿ ಹಾಕಿದ ಜಾಗದಲ್ಲಿ ಮೊಟ್ಟೆ ಹೂತು, ಮರಿ ಹೊರಬರುವ ಹೊತ್ತಿಗೆ ಮೇಲೊಂದು ಬುಟ್ಟಿ ಕವುಚಿ ಇಟ್ಟಿರುತ್ತಾರೆ. ಬೆಳಿಗ್ಗೆ ಏಳರ ಹೊತ್ತಿಗೆ ಒಮ್ಮೆ, ಸಂಜೆ ಆರರ ಹೊತ್ತಿಗೆ ಒಮ್ಮೆ ಬುಟ್ಟಿ ಎತ್ತಿ ನೋಡುತ್ತಾರೆ. ಮರಿ ಇದ್ದರೆ ಎಲ್ಲರ ಮುಖ ಅರಳುತ್ತದೆ, ಇಲ್ಲದಿದ್ದರೆ "ಉದ್ಯಾ", ಅಂದರೆ ನಾಳೆ, ಅನ್ನುತ್ತಾರೆ. ಆದ್ದರಿಂದ ಎರಡು ರಾತ್ರಿ ಇರುವ ಲೆಕ್ಕದಲ್ಲೇ ಹೋಗಿ. ಮರಿಗಳನ್ನು ನೀರಿಗೆ ಎಸೆಯುವುದಿಲ್ಲ, ಸ್ವಲ್ಪ ಮೇಲೆ ಮರಳಿನಲ್ಲಿ ಬಿಡುತ್ತಾರೆ, ಅವೇ ನಡೆದು ಹೋಗಬೇಕು. ಅಂಗೈಗಿಂತ ಸಣ್ಣದು, ಕಪ್ಪಗೆ, ಒದ್ದೆ ಮರಳಿನಲ್ಲಿ ನಾಲ್ಕು ಹೆಜ್ಜೆ ಹಾಕಿ ಸುಸ್ತಾಗಿ ನಿಲ್ಲುತ್ತದೆ. ಮೊದಲ ಅಲೆ ಬಂದು ಹಿಂದಕ್ಕೇ ತಳ್ಳುತ್ತದೆ. ಮತ್ತೆ ನಡೆಯುತ್ತದೆ. ನಿಮ್ಮ ಮಗಳು ಆಗ "ಎತ್ತಿ ಬಿಡೋಣ ಪಪ್ಪಾ" ಅಂದೇ ಅನ್ನುತ್ತಾಳೆ, ಎತ್ತಬೇಡಿ.

ಫೋನಿನ ಟಾರ್ಚು, ಫ್ಲ್ಯಾಶ್ ಎರಡೂ ಬಂದ್. ಮರಿಗಳು ಸಮುದ್ರದ ಕಡೆ ಆಕಾಶ ಹೆಚ್ಚು ಬೆಳ್ಳಗಿರುತ್ತದೆ ಅನ್ನುವ ಅಂದಾಜಿನಲ್ಲೇ ನಡೆಯುವುದು, ನಿಮ್ಮ ಟಾರ್ಚ್ ಕಂಡರೆ ಇತ್ತ ತಿರುಗುತ್ತವೆ.

ಉಳಿಯಲು ಹಳ್ಳಿಯವರ ಮನೆಗಳಿವೆ. ಹೋಟೆಲ್ ಅಂದುಕೊಂಡು ಹೋಗಬೇಡಿ. ನೆಲದ ಮೇಲೆ ಹಾಸಿಗೆ, ಮನೆಯ ಅನ್ನ ಆಮಟಿ ಸೋಲ್‌ಕಢಿ. ಅವ್ವನಿಗೆ ಮಂಚ ಬೇಕು ಅಂತ ಫೋನಿನಲ್ಲೇ ಹೇಳಿಡಿ, ದಂಡೆಗೆ ಸ್ವಲ್ಪ ನಡೆಯಬೇಕಾಗುತ್ತದೆ ಅನ್ನುವುದೂ ನೆನಪಿರಲಿ. ಪುಣೆಯಿಂದ ತಾಮ್ಹಿಣಿ ಘಾಟಿ ಇಳಿದು ಮಾಣಗಾಂವ್‌ಗೆ ಬಂದರೆ ಅಲ್ಲಿಂದ ಶ್ರೀವರ್ಧನ, ಹರಿಹರೇಶ್ವರ ಮಾಡಿಕೊಂಡು ಬಾಗಮಾಂಡಲಾದಲ್ಲಿ ಕಾರ್ ಸಮೇತ ಜಂಗಲ್, ಅಂದರೆ ಗಾಡಿ ಒಯ್ಯುವ ದೋಣಿ, ಹತ್ತಿ ಖಾಡಿ ದಾಟಬಹುದು. ಹರಿಹರೇಶ್ವರದಲ್ಲಿ ಅವ್ವನಿಗೆ ದೇವರ ದರ್ಶನವೂ ಆಯಿತು, ಸಮುದ್ರದ ದರ್ಶನವೂ ಆಯಿತು. ಆಮೆ ಸಿಗದಿದ್ದರೂ ಅವರಿಗೆ ನಷ್ಟವಿಲ್ಲ.

ಪ್ರಶ್ನೆ: ಮುಲುಂಡ್‌ನಿಂದ. ಮಗ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾನೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಸಮುದ್ರದ ಹತ್ತಿರ ಒಂದು ಸ್ಟೇಟ್ ಪಾರ್ಕಿನಲ್ಲಿ ಎರಡು ರಾತ್ರಿ ಕ್ಯಾಂಪಿಂಗ್ ಅಂತ ಈಗಲೇ ಹೇಳುತ್ತಿದ್ದಾನೆ. ನಮ್ಮವಳಿಗೆ ಮಂಡಿನೋವು, ಅವಳದು ಒಂದೇ ಪ್ರಶ್ನೆ, ಬಾತ್‌ರೂಮ್ ಇರುತ್ತದಾ ಅಂತ. ನನ್ನ ಪ್ರಶ್ನೆ, ಅಲ್ಲಿ ಸಾಂಬಾರು ಮಾಡಬಹುದಾ?

ಉತ್ತರ: ಬಾತ್‌ರೂಮ್ ಇರುತ್ತದೆ, ಸಾಂಬಾರೂ ಮಾಡಬಹುದು. ಇನ್ನು ನಿಧಾನವಾಗಿ ಓದಿ.

ಸ್ಟೇಟ್ ಪಾರ್ಕ್ ಅಂದರೆ ಜೋಕಾಲಿ ಇರುವ ಪಾರ್ಕಲ್ಲ. ರಾಜ್ಯ ಸರ್ಕಾರ ಕಾಯುವ ಕಾಡು, ಗುಡ್ಡ, ದಂಡೆ. ಅದರೊಳಗೆ ಟೆಂಟಿಗೆ ಅಂತಲೇ ಗುರುತು ಮಾಡಿದ ಜಾಗಗಳು, ಪ್ರತಿಯೊಂದಕ್ಕೂ ಒಂದು ಕಂಬ, ಕಂಬದ ಮೇಲೆ ನಂಬರು. ಆ ನಂಬರು ಎರಡು ದಿನ ನಿಮ್ಮದು. ಒಂದು ಮರದ ಮೇಜು ಬೆಂಚು, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ, ಕಾರ್ ನಿಲ್ಲಿಸಲು ಜಾಗ. ಸಾಮಾನ್ಯವಾಗಿ ಒಂದು ಜಾಗದಲ್ಲಿ ಎಂಟು ಜನರ ತನಕ ಬಿಡುತ್ತಾರೆ.

ಮಗ "ಮಾಡೋಣ ಬಿಡಪ್ಪಾ" ಅಂತ ಮುಂದೂಡುತ್ತಿದ್ದರೆ ಬೈಯಿರಿ. ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು ಮೊದಲು ಬುಕಿಂಗ್ ತೆರೆಯುತ್ತದೆ, ಅಲ್ಲಿನ ಬೆಳಿಗ್ಗೆ ಎಂಟಕ್ಕೆ. ಬೇಸಿಗೆಯ ಶನಿವಾರದ ಸಮುದ್ರದ ಜಾಗಗಳು ನಮ್ಮ ಗಣಪತಿ ಹಬ್ಬದ ಕೊಂಕಣ ರೈಲಿನ ಟಿಕೆಟ್ ಥರ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಯ. ಜೂನ್‌ನ ಜಾಗ ಡಿಸೆಂಬರ್‌ನಲ್ಲಿ ತೆರೆಯುತ್ತದೆ, ಆಗ ಅಲ್ಲಿನ ಎಂಟು ಗಂಟೆ ಅಂದರೆ ನಮ್ಮ ರಾತ್ರಿ ಒಂಬತ್ತೂವರೆ. ನೀವು ತತ್ಕಾಲ್ ಬುಕ್ ಮಾಡಿ ಪಳಗಿದ ಕೈ ಅಲ್ವಾ, ಮುಲುಂಡ್‌ನಲ್ಲೇ ಕೂತು ನೀವೇ ಮಾಡಿಬಿಡಿ.

ಸ್ಯಾನ್ ಹೋಸೆಯಿಂದ ಹತ್ತಿರ ಅಂದರೆ ಹಾಫ್ ಮೂನ್ ಬೇ, ಕ್ಯಾಪಿಟೋಲಾದ ನ್ಯೂ ಬ್ರೈಟನ್, ಇನ್ನೂ ಕೆಳಗೆ ಸನ್‌ಸೆಟ್ ಬೀಚ್. ನನ್ನ ಒಲವು ನ್ಯೂ ಬ್ರೈಟನ್ ಕಡೆ. ಕ್ಯಾಂಪಿನ ಜಾಗ ಗುಡ್ಡದ ಮೇಲಿದೆ, ಕೆಳಗೆ ಮಾಂಟೆರೆ ಕೊಲ್ಲಿ. ಮೇಲೆ ಕುರ್ಚಿ ಹಾಕಿಕೊಂಡು ಕೂತರೂ ಸಮುದ್ರ ಕಾಣುತ್ತದೆ ಅನ್ನುವುದು ಮಂಡಿನೋವಿನವರಿಗೆ ಸಣ್ಣ ವಿಷಯವಲ್ಲ. ಭರತಿ ಟೆಂಟಿಗೆ ಬರುವ ಚಿಂತೆಯೂ ಇಲ್ಲ.

ಬಾತ್‌ರೂಮ್ ನಿಮ್ಮ ಟೆಂಟಿಗೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ನಡೆಯಬೇಕು. ಬುಕ್ ಮಾಡುವಾಗ ನಕ್ಷೆ ತೋರಿಸುತ್ತಾರೆ, ಬಾತ್‌ರೂಮಿಗೆ ತೀರ ಹತ್ತಿರವೂ ಬೇಡ, ರಾತ್ರಿಯಿಡೀ ಬಾಗಿಲಿನ ಸದ್ದು. ಎರಡು ಮೂರು ಜಾಗ ಬಿಟ್ಟು ಆರಿಸಿ. ಬಿಸಿನೀರಿನ ಸ್ನಾನಕ್ಕೆ ಎಷ್ಟೋ ಕಡೆ ನಾಣ್ಯ ಹಾಕಬೇಕು, ಚಿಲ್ಲರೆ ಇಟ್ಟುಕೊಳ್ಳಿ. ನೆಲದಿಂದ ಏಳುವುದು ಕಷ್ಟವಾದ್ದರಿಂದ ಗಾಳಿ ಹಾಸಿಗೆ ಬೇಡ, ಮಡಚುವ ಮಂಚ ತರಲು ಮಗನಿಗೆ ಹೇಳಿ.

ಇನ್ನು ಚಳಿ. ಇದು ನಮ್ಮವರು ಯಾರೂ ನಂಬದ ವಿಷಯ. ಜೂನ್ ಅಂದರೆ ಬೇಸಿಗೆ, ಕ್ಯಾಲಿಫೋರ್ನಿಯಾ ಅಂದರೆ ಬಿಸಿಲು ಅಂದುಕೊಂಡು ಹೋಗುತ್ತೀರಿ. ಉತ್ತರದಿಂದ ತಣ್ಣನೆ ನೀರು ಆ ದಂಡೆಯುದ್ದಕ್ಕೂ ಹರಿಯುತ್ತದೆ, ಗಾಳಿ ಮೇಲಿನ ನೀರನ್ನು ತಳ್ಳಿದಾಗ ಆಳದ ತಣ್ಣೀರೂ ಮೇಲೆ ಬರುತ್ತದೆ, ಅದರ ಮೇಲೆ ಮಂಜು ಕಟ್ಟಿ ಬೆಳಿಗ್ಗೆ ಹನ್ನೊಂದರವರೆಗೂ ಸೂರ್ಯ ಕಾಣದಿರಬಹುದು. ನೀರು ಎಷ್ಟು ತಣ್ಣಗೆ ಅಂದರೆ ಪಾದ ಇಟ್ಟವರು ಹಲ್ಲು ಕಚ್ಚುತ್ತಾರೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ, ಎಲ್ಲ ಬೇಕು. ಮತ್ತೆ ಅಲ್ಲಿನ ಅಲೆಗೆ ಬೆನ್ನು ಕೊಟ್ಟು ನಿಂತು ಫೋಟೋ ತೆಗೆಸಿಕೊಳ್ಳಬೇಡಿ, ಹತ್ತು ಸಣ್ಣ ಅಲೆ ಬಂದ ಮೇಲೆ ಹನ್ನೊಂದನೆಯದು ಹೇಳದೆ ದೊಡ್ಡದು ಬಂದು ಎಳೆದುಕೊಂಡು ಹೋದದ್ದುಂಟು.

ಸಾಂಬಾರಿಗೆ ಸಣ್ಣ ಗ್ಯಾಸ್ ಒಲೆ ಒಯ್ಯಿರಿ, ಟೆಂಟ್ ಜಾಗದಲ್ಲಿ ಪ್ಲಗ್ ಇರುತ್ತದೆ ಅಂತ ರೈಸ್ ಕುಕ್ಕರ್ ನಂಬಬೇಡಿ. ಕುಕ್ಕರ್ ಸೀಟಿ ಎಲ್ಲ ರಾತ್ರಿ ಹತ್ತರ ಒಳಗೆ ಮುಗಿಯಲಿ, ಹತ್ತರಿಂದ ಬೆಳಿಗ್ಗೆ ಆರರವರೆಗೆ ಗಲಾಟೆ ಮಾಡುವಂತಿಲ್ಲ, ಅಂತ್ಯಾಕ್ಷರಿಯೂ ಇಲ್ಲ. ಸೌದೆ ಮನೆಯಿಂದ ಒಯ್ಯಬೇಡಿ, ಅಲ್ಲೇ ಕೊಳ್ಳಿ. ಒಂದೂರಿನ ಸೌದೆಯಲ್ಲಿ ಕೂತ ಹುಳ ಇನ್ನೊಂದೂರಿನ ಕಾಡನ್ನೇ ತಿಂದು ಹಾಕುತ್ತದೆ. ಉಳಿದ ತಿಂಡಿಯನ್ನು ಅಲ್ಲೇ ಇರುವ ಪೆಟ್ಟಿಗೆಯಲ್ಲೋ ಕಾರಿನಲ್ಲೋ ಭದ್ರ ಮಾಡಿ. ರಕೂನ್ ಅಂತ ಒಂದು ಪ್ರಾಣಿ ಇದೆ, ಬೆಕ್ಕಿಗಿಂತ ದಪ್ಪ, ಕಣ್ಣಿಗೆ ಕಪ್ಪು ಪಟ್ಟಿ, ಕೈ ಮನುಷ್ಯರ ಥರ. ನಾನು ಅಲ್ಲಿಗೆ ಹೋದಾಗ ನನ್ನ ನಾದಿನಿ ಊರಿಂದ ತಂದ ಚಕ್ಕುಲಿ ಡಬ್ಬಿಯ ಮುಚ್ಚಳವನ್ನು ಅದು ತಿರುಗಿಸಿಯೇ ತೆಗೆಯಿತು. ಬಿಸ್ಕತ್ತು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ!

ಕೊನೆಯದು, ಅಲ್ಲಿನ ನ್ಯಾಷನಲ್ ಪಾರ್ಕುಗಳ ವಾರ್ಷಿಕ ಪಾಸ್ ಸ್ಟೇಟ್ ಪಾರ್ಕಿಗೆ ನಡೆಯುವುದಿಲ್ಲ. ಒಂದು ಕೇಂದ್ರದ್ದು, ಒಂದು ರಾಜ್ಯದ್ದು.

ಪ್ರಶ್ನೆ: ವಾಸ್ಕೊದಿಂದ ಬರೀತಿದ್ದೇನೆ. ಹುಬ್ಬಳ್ಳಿಯಿಂದ ಎಂಟು ದೋಸ್ತರು ಬರುತ್ತಿದ್ದಾರೆ. ಬೀಚ್ ಮೇಲೆ ಟೆಂಟ್, ಅಲ್ಲೇ ಅಡುಗೆ, ಸ್ವಲ್ಪ ಬಿಯರ್. ಗೋವಾದಲ್ಲಿ ಯಾರು ಕೇಳುತ್ತಾರೆ, ಹೌದಲ್ರಿ?

ಉತ್ತರ: ಕೇಳುತ್ತಾರೆ. 2019ರಲ್ಲಿ ಕಾನೂನು ತಿದ್ದಿ, ಪ್ರವಾಸಿ ಜಾಗಗಳಲ್ಲಿ ಬಯಲಿನಲ್ಲಿ ಅಡುಗೆ ಮಾಡುವುದು, ಕುಡಿಯುವುದು, ಬಾಟಲಿ ಒಡೆಯುವುದು ಎಲ್ಲದಕ್ಕೂ ದಂಡ ಇಟ್ಟರು. ಆಗ ಒಬ್ಬರಿಗೆ 2,000 ರೂಪಾಯಿ, ಗುಂಪಿಗೆ 10,000 ಇತ್ತು. ದಂಡೆಯ ಮೇಲೆ ಗಾಡಿ ಓಡಿಸಿದರೆ ಅದು ಬೇರೆ ಕೇಸು. ದೋಸ್ತರಿಗೆ ಇದನ್ನು ಅನಮೋಡ ಘಾಟಿ ಇಳಿಯುವ ಮೊದಲೇ ಹೇಳಿ.

ದಕ್ಷಿಣದ ಅಗೋಂದ, ಗಾಲ್ಜಿಬಾಗ್‌ಗಳಂತೂ ಆಮೆ ಮೊಟ್ಟೆ ಇಡುವ ದಂಡೆಗಳು, ಅಲ್ಲಿ ರಾತ್ರಿ ದೀಪ, ಬೆಂಕಿ, ಹಾಡು ಯಾವುದೂ ಬೇಡ. ನಾನಾದರೆ ಹೀಗೆ ಮಾಡುತ್ತೇನೆ. ಕಾಣಕೋಣಕ್ಕೆ ಹೋಗಿ ಹಗಲು ಸಮುದ್ರ, ಮಾರನೆ ದಿನ ಬೆಳಿಗ್ಗೆ ಹತ್ತಿರದ ಕೋಟಿಗಾಂವ್ ಅಭಯಾರಣ್ಯ. 1968ರಿಂದ ಕಾಯ್ದಿಟ್ಟ ಕಾಡು, ಸುಮಾರು 86 ಚದರ ಕಿಲೋಮೀಟರ್, ಮರದ ಮೇಲೆ ಕಟ್ಟಿದ ಮಚಾನು ಹತ್ತಿ ಕೂರಬಹುದು. ಎಂಟು ಜನ ಒಟ್ಟಿಗೆ ಮಾತಾಡುತ್ತಿದ್ದರೆ ಮಂಗ ಕೂಡ ಕಾಣುವುದಿಲ್ಲ, ಅದು ನಿಮ್ಮ ಕೈಯಲ್ಲಿದೆ. ಬಿಯರ್ ಲೈಸೆನ್ಸ್ ಇರುವ ಶ್ಯಾಕ್‌ನಲ್ಲಿ ಕುಡಿಯಿರಿ, ಗೋವಾದಲ್ಲಿ ಅದಕ್ಕೇನು ಬರಗಾಲವೇ?

ಪ್ರಶ್ನೆ: ಮಾಟುಂಗದ ಕಾಲೇಜು ಹುಡುಗಿಯರು ನಾವು ಐವರು. ಖಾಸಗಿ ಕ್ಯಾಂಪಿನವರಿಗೆ ಮನೆಯಲ್ಲಿ ಬಿಡುವುದಿಲ್ಲ. ಸರ್ಕಾರದ್ದೇ ಜಾಗ, ಸಮುದ್ರವೂ ಹತ್ತಿರ ಇರಬೇಕು. ಇದೆಯಾ ಅಂಕಲ್?

ಉತ್ತರ: ಇದೆ ಮಕ್ಕಳೇ, ಫಣಸಾಡ್. ಕಾಶೀದ್ ದಂಡೆಯ ಹಿಂದಿನ ಗುಡ್ಡದ ಮೇಲಿರುವ ಕಾಡು. ಜಂಜೀರಾದ ನವಾಬರು ಬೇಟೆಯಾಡುತ್ತಿದ್ದ ಜಾಗ, 1986ರಲ್ಲಿ ಅಭಯಾರಣ್ಯವಾಯಿತು. ಸುಪೇಗಾಂವ್ ಗೇಟಿನ ಹತ್ತಿರ ಅರಣ್ಯ ಇಲಾಖೆಯವರದೇ ಟೆಂಟ್ ವ್ಯವಸ್ಥೆ ಇದೆ. ಹೋಗುವ ಮೊದಲು ಫೋನ್ ಮಾಡಿ ಖಾಲಿ ಇದೆಯಾ ಕೇಳಿ, ಊಟದ ಲೆಕ್ಕವನ್ನೂ ಹೇಳಿಡಿ. ಕಾಡಿನೊಳಗಿನ ನೀರಿನ ಹೊಂಡಗಳಿಗೆ ಅಲ್ಲಿಯವರು ಗಾಣ ಅನ್ನುತ್ತಾರೆ, ನಮ್ಮ ಎಣ್ಣೆ ಗಾಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಳಿಗ್ಗೆ ಗೈಡ್ ಜೊತೆ ಗಾಣದವರೆಗೆ ನಡೆದು ಸುಮ್ಮನೆ ಕೂತರೆ ಮೇಲೆ ಕೊಂಬೆಯಿಂದ ಕೊಂಬೆಗೆ ಶೇಕ್ರು ಹಾರುವುದು ಕಾಣಬಹುದು, ನಮ್ಮ ಕೆಂಜಳಿಲು, ಮಹಾರಾಷ್ಟ್ರದ ರಾಜ್ಯಪ್ರಾಣಿ. ಚಿರತೆಯೂ ಇದೆ ಅನ್ನುವುದನ್ನು ಮನೆಯಲ್ಲಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಖಾಸಗಿ ಕ್ಯಾಂಪಿನ ಬಗ್ಗೆ ನಿಮ್ಮ ಮನೆಯವರ ಹೆದರಿಕೆ ಪೂರ್ತಿ ಸುಳ್ಳಲ್ಲ. ಒಮ್ಮೆ ನಾನು "ಸಮುದ್ರಕ್ಕೆ ಮುಖ" ಅಂತ ಬರೆದದ್ದನ್ನು ನಂಬಿ ಪೂರ್ತಿ ದುಡ್ಡು ಕಳಿಸಿ ಹೋದೆ. ಟೆಂಟ್ ಇದ್ದದ್ದು ಒಂದು ಬಂಗಲೆಯ ಹಿಂದೆ, ನೀರಿನ ಟ್ಯಾಂಕಿಗೆ ಮುಖ. ಆದ್ದರಿಂದ ವೀಡಿಯೋ ಕಾಲ್‌ನಲ್ಲಿ ಜಾಗ ತೋರಿಸಿ ಅನ್ನಿ, ಅರ್ಧ ದುಡ್ಡು ಅಲ್ಲಿ ಹೋದ ಮೇಲೆ.

ಪ್ರಶ್ನೆ: ಮಳೆಗಾಲದಲ್ಲಿ ಬೀಚ್ ಕ್ಯಾಂಪಿಂಗ್ ಮಾಡಬಹುದಾ?

ಉತ್ತರ: ಬೇಡ.

ಪ್ರಶ್ನೆ: ಕಳೆದ ವರ್ಷದ ಟ್ರಿಪ್ಪಿನ ಮರಳು ಈಗಲೂ ನಮ್ಮ ಸ್ಲೀಪಿಂಗ್ ಬ್ಯಾಗಿನಿಂದ ಉದುರುತ್ತಿದೆ. ಏನು ಮಾಡಲಿ? ಇದು ಥಾಣೆಯ ಒಬ್ಬ ಅಮ್ಮನ ಪ್ರಶ್ನೆ.

ಉತ್ತರ: ಅಕ್ಕಾ, ಮುಂದಿನ ಸಲ ಟೆಂಟಿನ ಬಾಗಿಲಿಗೆ ಒಂದು ಹಳೆ ಸೀರೆ ಹಾಸಿ, ಒಂದು ಟಬ್‌ನಲ್ಲಿ ನೀರಿಡಿ, ಕಾಲು ಅದ್ದದೆ ಯಾರಿಗೂ ಒಳಗೆ ಪ್ರವೇಶವಿಲ್ಲ. ಒದ್ದೆ ಕಾಲಿಗೆ ಅಂಟಿದ ಮರಳಿಗೆ ಮಕ್ಕಳ ಪೌಡರ್ ಉದುರಿಸಿ ಒರೆಸಿದರೆ ಪಟ್ಟನೆ ಬಿಡುತ್ತದೆ. ಈಗಿನ ಬ್ಯಾಗನ್ನು ಒಳಮೈ ಹೊರಗೆ ಮಾಡಿ, ಒಂದು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಕೊಡವಿ. ಒದ್ದೆ ಇರುವಾಗ ಕೊಡವಿದರೆ ಏನೂ ಬೀಳುವುದಿಲ್ಲ. ಬಾಲ್ಕನಿಯಲ್ಲಿ ಕೊಡವುವ ಮೊದಲು ಕೆಳಗಿನ ಮನೆಯವರು ಬಟ್ಟೆ ಹಾಕಿದ್ದಾರಾ ನೋಡಿಕೊಳ್ಳಿ, ನಮ್ಮ ಸೊಸೈಟಿಯಲ್ಲಿ ಈ ವಿಷಯಕ್ಕೆ ಮೀಟಿಂಗೇ ಆಗಿತ್ತು.